ಒಂದು ಕೊಂಬೆಯ ಮಿಡಿ ಮರಕ್ಕೇ ಇರಲಿ

ಅಪ್ಪೆಮಿಡಿ ಗಿಡ ಹುಡುಕಿಕೊಂಡು ನಮ್ಮ ಮನೆಗೆ ಬರುವವರು ಮೊದಲು ಕೇಳುವುದು ಹೆಸರನ್ನು. ಅನಂತಭಟ್ಟನ ಅಪ್ಪೆ ಇದೆಯಾ? ಮಾಳಂಜಿ ಸಿಗುತ್ತಾ? ಜೀರಿಗೆ ಮಿಡಿ? ಎಲ್ಲವೂ ಒಳ್ಳೆಯ ತಳಿಗಳೇ, ಕೊಡುತ್ತೇನೆ. ಅದರ ಜೊತೆಗೆ ಹೆಸರೇ ಇಲ್ಲದ ಒಂದು ಬೀಜದ ಗಿಡವನ್ನೂ ಕೈಗಿಟ್ಟು ಕಳಿಸುತ್ತೇನೆ. ‘ಇದ್ಯಾಕೆ?’ ಅಂತ ಎಲ್ಲರೂ ಕೇಳುತ್ತಾರೆ. ಅಂಗಳದಲ್ಲಿ ನಿಂತು ಹೇಳಿ ಮುಗಿಸುವಷ್ಟು ಸಣ್ಣ ವಿಷಯ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಶಿರಸಿ ಸೀಮೆಯ ಅಡಿಕೆ ತೋಟದವನು. ಅಪ್ಪೆಮಿಡಿ ಕಸಿ ಮಾಡುವುದು ಹೊಟ್ಟೆಪಾಡಿಗಲ್ಲ, ಬಿಡಲಾಗದ ಪ್ರೀತಿಗೆ. ಘಟ್ಟದ ಹೊಳೆದಂಡೆಯಲ್ಲಿ, ಹಳ್ಳದ ಬದಿಯಲ್ಲಿ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ತಾನಾಗಿ ಹುಟ್ಟಿದ ಕಾಡುಮಾವಿನ ಎಳೆಕಾಯಿಯೇ ಅಪ್ಪೆಮಿಡಿ. ಹಣ್ಣಾದರೆ ಹೆಚ್ಚಿನವು ಬರೀ ಹುಳಿ, ನಾರು. ಆದರೆ ಎಳೆಯದಿದ್ದಾಗ ಕೊಯ್ದು ಉಪ್ಪಿಗೆ ಹಾಕಿದರೆ ಅದರ ಪರಿಮಳಕ್ಕೆ ಸಾಟಿಯಿಲ್ಲ. ಒಳ್ಳೆಯ ಮಿಡಿ ಭರಣಿಯಲ್ಲಿ ವರ್ಷಗಟ್ಟಲೆ ಗಟ್ಟಿಯಾಗಿ ಉಳಿಯುತ್ತದೆ.

ಹೊಸ ಮರ ಸಿಕ್ಕಾಗ ನಾನು ಮೊದಲು ನೋಡುವುದು ಸೊನೆ. ಮಿಡಿಯ ತೊಟ್ಟು ಮುರಿದ ಕೂಡಲೇ ಸೊನೆ ಚಿಮ್ಮುತ್ತದೆ. ಅಂಗೈಗೆ ಒಂದು ಹನಿ ಹಾಕಿಕೊಂಡು ತಿಕ್ಕಿ ಮೂಸಬೇಕು. ಕಣ್ಣಿಗೆ ಸಿಡಿಯದಂತೆ ಜಾಗ್ರತೆ, ಚರ್ಮ ಸುಡುವ ಸೊನೆಯೂ ಇರುತ್ತದೆ. ಒಂದು ಮರದ್ದು ಜೀರಿಗೆ ವಾಸನೆ, ಇನ್ನೊಂದರದ್ದು ಕರ್ಪೂರದ್ದು, ಮತ್ತೊಂದರದ್ದು ಇಂಥದ್ದೇ ಎಂದು ಹೇಳಲು ಬಾರದ ಘಮ. ಆಮೇಲೆ ಆಕಾರ: ಉದ್ದ, ಗುಂಡು, ಕೊಕ್ಕಿನಂತೆ ಬಾಗಿದ ತುದಿ. ಒಂದೇ ಹೊಳೆಯ ಎರಡು ದಡದ ಮರಗಳೇ ಬೇರೆ ಬೇರೆ. ಕೊನೆಯ ಪರೀಕ್ಷೆ ಮಾತ್ರ ಭರಣಿಯದ್ದು, ಅದಕ್ಕೆ ವರ್ಷಗಳೇ ಬೇಕು. ಈ ವಿಷಯದಲ್ಲಿ ನಾನು ನಂಬುವುದು ಅಡುಗೆಮನೆಯ ಹೆಂಗಸರನ್ನು. ಹೊಳೆಯಾಚೆಯ ಅಜ್ಜಿಯೊಬ್ಬರು ತಮ್ಮ ಗದ್ದೆ ಬದಿಯ ಮರ ತೋರಿಸಿ, ‘ತಮಾ, ಈ ಮರದ ಮಿಡಿ ಐದು ವರ್ಷಾದ್ರೂ ಮೆತ್ತಗಾಗ್ತಿಲ್ಲೆ’ ಎಂದಿದ್ದರು. ಅವರ ಅತ್ತೆಯ ಕಾಲದಿಂದ ಆ ಮನೆಯವರು ಹಾಕುತ್ತಿದ್ದ ಮಿಡಿ ಅದು. ಆ ಮರಕ್ಕೆ ಊರಲ್ಲಿ ಹೆಸರಿರಲಿಲ್ಲ, ಯಾವ ಪಟ್ಟಿಯಲ್ಲೂ ಅದು ಇರಲಿಲ್ಲ.

ಇಷ್ಟೊಂದು ಬಗೆ ಯಾಕೆ ಬೇಕು, ಒಳ್ಳೆಯದು ನಾಲ್ಕು ಇದ್ದರೆ ಸಾಲದೇ ಅಂತ ಕೇಳುವವರಿದ್ದಾರೆ. ಚಳಿಗಾಲದಲ್ಲಿ ನಮ್ಮ ಕಡೆ ಬಂದು ನೋಡಿ. ಕೆಲವು ಮರ ಡಿಸೆಂಬರಿನಲ್ಲೇ ಹೂ ಬಿಡುತ್ತವೆ, ಕೆಲವು ಫೆಬ್ರವರಿಯವರೆಗೂ ಕಾಯುತ್ತವೆ. ಮೋಡ ಕವಿದು ಅಕಾಲದ ಮಳೆ ಬಂದರೆ ಆಗ ಹೂವಾಗಿದ್ದ ಮರಗಳಿಗೆ ಬೂದಿ ರೋಗ, ಜಿಗಿಹುಳು, ಹೂವೆಲ್ಲ ಕರಿ. ತಡವಾಗಿ ಹೂ ಬಿಟ್ಟದ್ದು ಉಳಿಯುತ್ತದೆ. ಮುಂದಿನ ವರ್ಷ ಇದು ತಿರುಗುಮುರುಗು ಆಗಬಹುದು. ಎಲ್ಲ ಮರವೂ ಒಂದೇ ತಳಿಯಾಗಿದ್ದರೆ ಒಂದು ವಾರದ ಮೋಡಕ್ಕೆ ಊರಿನ ಮಿಡಿಯೆಲ್ಲ ಹೋಯಿತು. ಹೂ ಎರಡು ತಿಂಗಳು ಹರಡಿಕೊಂಡಿದ್ದರೆ ನೊಣ, ತುಡುವೆ ಜೇನು, ಕುಟುಕದ ಪುಟ್ಟ ಮಿಸ್ರಿ ಜೇನಿಗೂ ಅಷ್ಟು ದಿನ ಮೇವು. ಮಾವಿನ ಹೂವಿಗೆ ಪರಾಗ ಮುಟ್ಟಿಸುವುದರಲ್ಲಿ ನೊಣಗಳದ್ದೇ ದೊಡ್ಡ ಪಾಲು, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಮರಗಳು ಹೋದದ್ದು ಹಲವು ದಾರಿಯಲ್ಲಿ. ಪ್ಲೈವುಡ್ಡಿಗೆ, ಪೆಟ್ಟಿಗೆ ಮಾಡಲು ದೊಡ್ಡ ಮಾವಿನ ಮರಗಳು ಲಾರಿ ಹತ್ತಿದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದಮೇಲೆ ಶರಾವತಿ ಕೊಳ್ಳದ ದಂಡೆಯ ಕಾಡು ನೀರಿನಡಿ ಹೋಯಿತು. ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟು ಬಿದ್ದಿಲ್ಲ, ಅದಕ್ಕೇ ಅದರ ದಂಡೆಯಲ್ಲಿ ಹಳೆಯ ಮರಗಳು ಇನ್ನೂ ನೋಡಸಿಗುತ್ತವೆ. ಈಗ ಅಡಿಕೆಗೆ ದರ ಬಂದಿದೆ ಅಂತ ಗದ್ದೆ, ಹಳ್ಳದ ಬದಿ ಎಲ್ಲ ತೋಟವಾಗುತ್ತಿದೆ, ಬದಿಯ ಮರಕ್ಕೆ ನೆರಳಿನ ನೆವದಲ್ಲಿ ಕೊಡಲಿ. ಎಲೆಚುಕ್ಕೆ ರೋಗ ಬಂದು ಗುಡ್ಡದಿಂದ ಗುಡ್ಡಕ್ಕೆ ಅಡಿಕೆ ಒಣಗುವುದನ್ನು ಕಣ್ಣಾರೆ ನೋಡುತ್ತಿದ್ದೇವೆ. ಒಂದೇ ಬೆಳೆಯನ್ನು ಕಣ್ಣು ಹಾಯುವವರೆಗೆ ಹಬ್ಬಿಸಿದರೆ ರೋಗಕ್ಕೆ ದಾರಿ ಸಲೀಸು, ಅಲ್ವಾ?

ಇವೆಲ್ಲ ಕಣ್ಣಿಗೆ ಕಾಣುವ ಹಾನಿ. ಕಾಣದ್ದು ಇನ್ನೊಂದಿದೆ. ನನ್ನ ಮನಸ್ಸಿಗೆ ಹೆಚ್ಚು ಕೊರೆಯುವುದು ಅದೇ.

ಹಳೆಯ ಅಪ್ಪೆಮರದ ಬುಡದಲ್ಲಿ, ಆಸುಪಾಸಿನಲ್ಲಿ ಎಳೆ ಮಾವಿನ ಗಿಡ ಹುಡುಕಿ ನೋಡಿ. ಹೆಚ್ಚಿನ ಕಡೆ ಒಂದೂ ಇಲ್ಲ. ಕಾರಣ ಸರಳ. ಮಿಡಿಗೆ ಬೆಲೆ ಬಂದಮೇಲೆ ಗುತ್ತಿಗೆ ಹಿಡಿದವರು ಮರದ ಕೊನೇ ಮಿಡಿಯನ್ನೂ ಬಿಡುವುದಿಲ್ಲ. ಹತ್ತಲಾಗದ ಕೊಂಬೆಯನ್ನು ಕಡಿದೇ ಕೆಳಗಿಳಿಸುವವರೂ ಇದ್ದಾರೆ. ಮಿಡಿಯೆಲ್ಲ ಭರಣಿ ಸೇರಿದರೆ ಹಣ್ಣಾಗುವುದು ಯಾವುದು? ಹಣ್ಣಿಲ್ಲದಿದ್ದರೆ ಗೊರಟಿಲ್ಲ, ಗೊರಟಿಲ್ಲದಿದ್ದರೆ ಗಿಡವಿಲ್ಲ. ಮರ ಹಸಿರಾಗಿ ನಿಂತಿರುತ್ತದೆ, ನೂರು ವರ್ಷವೂ ಬದುಕಬಹುದು, ಆದರೆ ಅದರ ಸಂತಾನ ನಿಂತುಹೋಗಿದೆ. ಹಣ್ಣು ಬೀಳದ ಮರದ ಕೆಳಗೆ ಮಂಗ, ಮುಳ್ಳುಹಂದಿ, ಪುನುಗು ಬೆಕ್ಕಿಗೂ ಏನಿಲ್ಲ. ಅವು ಬಂದು ಹೋಗದಿದ್ದರೆ ಗೊರಟನ್ನು ದೂರ ಒಯ್ಯುವವರೂ ಇಲ್ಲ.

ಭತ್ತ, ರಾಗಿಯ ಹಾಗೆ ಮಾವಿನ ಬೀಜವನ್ನು ಒಣಗಿಸಿ ತೆಗೆದಿಡಲು ಆಗುವುದಿಲ್ಲ. ಒಣಗಿದರೆ ಅದು ಸಾಯುತ್ತದೆ. ಕೆಲವೇ ವಾರಗಳಲ್ಲಿ ಮಣ್ಣು ಸೇರಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಮ್ಮ ಕಡೆಯ ಅಪ್ಪೆಮಿಡಿ ತಳಿಗಳನ್ನು ಒಟ್ಟುಮಾಡಿದೆ, ಅಲ್ಲಿಯೂ ಅವು ಇರುವುದು ಮರಗಳಾಗಿಯೇ. ಮರವೇ ಮಾವಿನ ಬೀಜಭಂಡಾರ.

ಹಾಗಾಗಿ ಕಸಿ, ಅಂದರೆ ಬೇಕಾದ ಮರದ ಕುಡಿಯನ್ನು ಬೇರೊಂದು ಬುಡದ ಗಿಡಕ್ಕೆ ಬೆಸೆಯುವುದು. ಬುಡದ ಗಿಡಕ್ಕೆ ಊರಿನ ಕಾಟುಮಾವಿನ ಗೊರಟೇ ಸಾಕು. ಗಟ್ಟಿ ಸಿಪ್ಪೆ ಬಿಡಿಸಿ ಒಳಗಿನ ಬೀಜವನ್ನು ಉಬ್ಬಿದ ಬದಿ ಮೇಲೆ ಬರುವಂತೆ ಇಟ್ಟರೆ ಗಿಡ ನೆಟ್ಟಗೆ ಬರುತ್ತದೆ. ಕುಡಿಯನ್ನು ಫಲ ಬಿಡುವ ಮರದಿಂದಲೇ, ಬಿಸಿಲು ಬೀಳುವ ಬದಿಯಿಂದ ಆರಿಸಬೇಕು. ಪೆನ್ಸಿಲ್ ದಪ್ಪದ್ದು, ತುದಿಮೊಗ್ಗು ಉಬ್ಬಿದ್ದು. ಒಂದು ವಾರ ಹತ್ತು ದಿನ ಮೊದಲೇ ಅದರ ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಟ್ಟರೆ ಮೊಗ್ಗಿಗೆ ಕಸುವು ಬರುತ್ತದೆ. ದೂರದಿಂದ ತರುವಾಗ ಹಸಿ ಬಾಳೆಪಟ್ಟೆಯಲ್ಲಿ ಸುತ್ತುತ್ತೇನೆ, ಒಂದೆರಡು ದಿನ ಬಾಡುವುದಿಲ್ಲ.

ಮಳೆ ಹಿಡಿದ ಮೇಲೆ, ಜೂನ್‌ನಿಂದ ಆಗಸ್ಟ್‌ವರೆಗೆ ಕಟ್ಟುವ ಕಾಲ. ಬುಡದ ಗಿಡದ ತಲೆ ಕತ್ತರಿಸಿ ನಡುವೆ ಎರಡು ಬೆರಳಗಲದಷ್ಟು ಆಳಕ್ಕೆ ಸೀಳಬೇಕು. ಕುಡಿಯ ಬುಡವನ್ನು ಎರಡೂ ಬದಿ ಕೆತ್ತಿ ಬೆಣೆ ಮಾಡಬೇಕು. ಬ್ಲೇಡು ಹರಿತವಿರಲಿ, ಒಂದೇ ಎಳೆತಕ್ಕೆ ಕೆತ್ತಿದ ಮೈ ನುಣುಪಾಗಿ ಬರಬೇಕು. ಸಿಪ್ಪೆಗೆ ಸಿಪ್ಪೆ ಕನಿಷ್ಠ ಒಂದು ಬದಿಯಲ್ಲಾದರೂ ಸರಿಯಾಗಿ ಕೂಡಬೇಕು, ಯಾಕೆಂದರೆ ಬೆಸೆಯುವುದು ಸಿಪ್ಪೆಯ ಒಳಗಿನ ಆ ತೆಳು ಹಸಿರು ಪದರ. ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ಐಸ್‌ಕ್ಯಾಂಡಿ ಕವರ್ ತೊಡಿಸಿ ನೆರಳಲ್ಲಿಡುತ್ತೇನೆ. ಎರಡು ಮೂರು ವಾರದಲ್ಲಿ ಮೊಗ್ಗು ತಾಮ್ರದ ಬಣ್ಣಕ್ಕೆ ತಿರುಗಿ ಬಿಚ್ಚಿದರೆ ಹಿಡಿಯಿತು ಅಂತ ಲೆಕ್ಕ. ಆಗ ಕವರ್ ತೆಗೆಯಬೇಕು. ಕೂಡಿದ ಜಾಗದ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟುತ್ತಿರಬೇಕು. ಕಸಿ ಗಿಡ ನಾಲ್ಕೈದು ವರ್ಷಕ್ಕೆ ಮಿಡಿ ಬಿಡುತ್ತದೆ, ಬೀಜದ ಗಿಡ ಅದರ ದುಪ್ಪಟ್ಟು ಕಾಯಿಸುತ್ತದೆ.

ಆ ಅಜ್ಜಿ ತೋರಿಸಿದ ಮರ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಹೋಯಿತು. ತಡೆಯಲು ಓಡಾಡಿದೆವು, ಆಗಲಿಲ್ಲ. ಅದರ ಕಸಿಗಳು ಬೇರೆ ಬೇರೆ ಊರಿನ ಅಂಗಳಗಳಲ್ಲಿ ಬೆಳೆದಿವೆ, ಅಜ್ಜಿಯ ಸೊಸೆ ಅದೇ ಮಿಡಿಯನ್ನು ಈಗಲೂ ಉಪ್ಪಿಗೆ ಹಾಕುತ್ತಾರೆ. ಕಸಿಯ ಶಕ್ತಿ ಇದು.

ಆದರೆ ಅದರ ಮಿತಿಯೂ ಅಲ್ಲೇ ಇದೆ. ನೂರು ಕಸಿ ಕಟ್ಟಿದರೂ ಅದು ಅದೇ ಒಂದು ಮರ. ಹೊಸ ಬಗೆ ಹುಟ್ಟುವುದು ಬೀಜದಿಂದ ಮಾತ್ರ. ಒಂದು ಮರದ ಪರಾಗ ಇನ್ನೊಂದರ ಹೂವಿಗೆ ಬಿದ್ದು ಆದ ಗೊರಟಿನಿಂದ ತಾಯಿಯಂತಿಲ್ಲದ ಗಿಡ ಬರುತ್ತದೆ. ಹೆಚ್ಚಿನವು ಸಾಮಾನ್ಯ, ಎಲ್ಲೋ ಒಂದು ಅಪರೂಪದ್ದು. ಅನಂತಭಟ್ಟನ ಅಪ್ಪೆಯೂ ಒಂದು ಕಾಲಕ್ಕೆ ಯಾರೂ ನೆಡದ ಬೀಜದ ಗಿಡವೇ ಆಗಿದ್ದಿರಬೇಕು. ಕಸಿ ಇದ್ದದ್ದನ್ನು ಉಳಿಸುತ್ತದೆ. ಇನ್ನು ಹುಟ್ಟಬೇಕಾದದ್ದಕ್ಕೆ ಹಣ್ಣು, ನೊಣ, ಮಂಗ, ಹೊಳೆದಂಡೆ ಎಲ್ಲವೂ ಬೇಕು. ಗಿಡ ಕೇಳಿ ಬಂದವರಿಗೆ ಬೀಜದ್ದೊಂದು ಕೊಡುವುದು ಈ ಕಾರಣಕ್ಕೆ. ಅದನ್ನು ಅಂಗಳದಲ್ಲಿ ನೆಡಬೇಡಿ, ಬೆಟ್ಟದಲ್ಲೋ ಹಳ್ಳದ ಬದಿಗೋ ನೆಡಿ ಅನ್ನುತ್ತೇನೆ. ಮೊದಲ ಎರಡು ಮೂರು ವರ್ಷ ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದರೆ ಸಾಕು.

ನಮ್ಮ ಬೆಟ್ಟದಲ್ಲೂ ಇದನ್ನೇ ಪಾಲಿಸುತ್ತೇವೆ. ಒಂದು ಭಾಗದಲ್ಲಿ ಸೊಪ್ಪು ಕಡಿಯುವುದಿಲ್ಲ, ದರಕು (ಉದುರಿದ ಒಣ ಎಲೆ) ಗುಡಿಸುವುದಿಲ್ಲ, ಕೆಲವು ವರ್ಷಕ್ಕೊಮ್ಮೆ ಆ ಭಾಗ ಬದಲಿಸುತ್ತೇವೆ. ದರಕು ಬಿಟ್ಟ ಕಡೆ ಮಳೆಗಾಲದಲ್ಲಿ ಮಾವಷ್ಟೇ ಅಲ್ಲ, ಮುರುಗಲು, ಉಪ್ಪಾಗೆ, ನೇರಳೆ ಸಸಿಗಳೂ ತಾವಾಗಿ ಏಳುತ್ತವೆ.

ಮಿಡಿ ಕೊಯ್ಯುವವರನ್ನು ಒಪ್ಪಿಸುವುದೇ ಕಷ್ಟದ ಕೆಲಸ. ಅವರದ್ದೂ ಹೊಟ್ಟೆಪಾಡು, ಬೈದು ಪ್ರಯೋಜನವಿಲ್ಲ. ನಮ್ಮ ಮರ ಹತ್ತುವವರು ಮೊದಲ ಸಲ, ‘ಹೆಗಡೇರೇ, ಬಿಟ್ರೆ ಮಂಗ ತಿಂತಾವೆ, ಸುಮ್ನೆ ಹಾಳು’ ಅಂದಿದ್ದರು. ‘ತಿನ್ನಲಿ, ಗೊರಟು ಅಲ್ಲೇ ಎಸೀತಾವಲ್ಲ’ ಅಂದೆ. ಬಿಟ್ಟ ಕೊಂಬೆಯ ಮಿಡಿಯ ದುಡ್ಡನ್ನೂ ಕೂಲಿಯಲ್ಲಿ ಸೇರಿಸಿ ಕೊಟ್ಟೆ. ಈಗ ನಾನು ಹೇಳದಿದ್ದರೂ ಅವರೇ ಒಂದು ಕೊಂಬೆ ಬಿಟ್ಟು ಇಳಿಯುತ್ತಾರೆ. ಬಲೆ ಕಟ್ಟಿದ ಕೊಕ್ಕೆಯಲ್ಲಿ ತೊಟ್ಟು ಸಮೇತ ಕೊಯ್ದರೆ ಮಿಡಿ ಜಜ್ಜುವುದಿಲ್ಲ, ದರವೂ ಜಾಸ್ತಿ, ಕೊಂಬೆ ಕಡಿಯುವ ಮಾತೇ ಇಲ್ಲ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ ಪ್ರಾಣಿಗಳ ದಾಖಲೆ ಪುಸ್ತಕ ಇರಬೇಕು. ನಿಮ್ಮ ಊರಿನ ಅಪ್ಪೆಮರಗಳು ಅದರಲ್ಲಿವೆಯೇ, ಕೇಳಿ ನೋಡಿ. ಇಲ್ಲದಿದ್ದರೆ ಮರ ಎಲ್ಲಿದೆ, ಯಾವಾಗ ಹೂ ಬಿಡುತ್ತದೆ, ಸೊನೆಯ ವಾಸನೆ ಹೇಗೆ, ಮಿಡಿ ಎಷ್ಟು ವರ್ಷ ತಾಳುತ್ತದೆ ಎಂದು ಬರೆಸಿ. ಮರ ಗುತ್ತಿಗೆ ಕೊಡುವವರು ಚೀಟಿಯಲ್ಲಿ ಎರಡು ಸಾಲು ಸೇರಿಸಿ: ಕೊಂಬೆ ಕಡಿಯಬಾರದು, ಹೊಳೆಯ ಕಡೆ ಚಾಚಿದ ಒಂದು ಕೊಂಬೆಯ ಮಿಡಿ ಮುಟ್ಟಬಾರದು. ಕಸಿ ಕಲಿಯಬೇಕು ಅನ್ನುವವರು ಮಳೆ ಹಿಡಿದ ಮೇಲೆ ನಿಮ್ಮ ಊರಿನ ಮರದ ಕುಡಿಗಳನ್ನು ಬಾಳೆಪಟ್ಟೆಯಲ್ಲಿ ಸುತ್ತಿಕೊಂಡು ಬನ್ನಿ. ಬುಡದ ಗಿಡ ನಾನು ಕೊಡುತ್ತೇನೆ.