ತಾನಾಗೇ ಜೋಡಿಕೊಳ್ಳುವ ಅಣು: ವಿನ್ಯಾಸದಿಂದ ಪರೀಕ್ಷೆಯವರೆಗೆ

ಸೆಲ್ಫ್ ಅಸೆಂಬ್ಲಿ, ಅಂದರೆ ಅಣುಗಳು ತಾವಾಗೇ ಜೋಡಿಕೊಂಡು ದೊಡ್ಡ ರಚನೆಯಾಗುವುದನ್ನು ಕಲಿಯಬೇಕು ಅನ್ನುವವರು ಬಿಟಿಎ, ಅಂದರೆ ಬೆಂಜೀನ್ ಟ್ರೈಕಾರ್ಬಾಕ್ಸಮೈಡ್‌ನಿಂದ ಶುರು ಮಾಡಿ. ಬೆಂಜೀನ್ ಉಂಗುರದ 1, 3, 5ನೇ ಜಾಗಗಳಲ್ಲಿ ಮೂರು ಅಮೈಡ್ (ಸಿಒ ಮತ್ತು ಎನ್‌ಎಚ್ ಸೇರಿದ ಗುಂಪು), ಪ್ರತಿ ಅಮೈಡ್‌ಗೂ ಒಂದು ಬಾಲ, ಅಷ್ಟೇ. ಅಮೈಡ್‌ಗಳು ಮೇಲಿನ ಮತ್ತು ಕೆಳಗಿನ ಅಣುಗಳ ಜೊತೆ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತವೆ. ಹಾಗೆ ಒಂದರ ಮೇಲೊಂದು ಕೂತು, ಸುರುಳಿಯಾಗಿ ತಿರುಗಿದ ಉದ್ದನೆಯ ಕಂಬವಾಗುತ್ತದೆ. ತಯಾರಿ ಸುಲಭ: ಟ್ರೈಮೆಸಾಯ್ಲ್ ಕ್ಲೋರೈಡ್‌ಗೆ ಬೇಕಾದ ಅಮೀನ್, ಜೊತೆಗೆ ಹುಟ್ಟುವ ಆಮ್ಲವನ್ನು ಹೀರಲು ಟ್ರೈಈಥೈಲ್‌ಅಮೀನ್.

ಯೋಚನೆ ಬೇಕಿರುವುದು ಬಾಲದ ಬಗ್ಗೆ. ಬರೀ ಆಲ್ಕೈಲ್ (ಕಾರ್ಬನ್-ಹೈಡ್ರೋಜನ್ ಸರಪಳಿಯ) ಬಾಲವಿದ್ದರೆ ಮಿಥೈಲ್‌ಸೈಕ್ಲೋಹೆಕ್ಸೇನ್‌ನಂಥ ದ್ರಾವಕದಲ್ಲಿ ಕೆಲಸ ನಡೆಯುತ್ತದೆ. ನೀರಿನಲ್ಲಿ ಬೇಕಾದರೆ ತುದಿಗೆ ನೀರಿಗೆ ಹೊಂದುವ ಎಥಿಲೀನ್ ಗ್ಲೈಕಾಲ್ ಸರಪಳಿ ಹಾಕಿ, ಆದರೆ ಅದನ್ನು ನೇರವಾಗಿ ಅಮೈಡ್‌ಗೆ ಅಂಟಿಸಬೇಡಿ. ನೀರು ತಾನೇ ಹೈಡ್ರೋಜನ್ ಬಂಧಕ್ಕೆ ಪೈಪೋಟಿ ಮಾಡುತ್ತದೆ ಅಲ್ವಾ, ಅದಕ್ಕೇ ನಡುವೆ ಹನ್ನೊಂದು ಹನ್ನೆರಡು ಕಾರ್ಬನ್‌ಗಳ ಸರಪಳಿ ಇಟ್ಟು ಒಳಗಿನ ಭಾಗವನ್ನು ನೀರಿನಿಂದ ಕಾಪಾಡಬೇಕು.

ಇನ್ನು ಜೋಡಿಸುವುದು. ಅಣು ಎಷ್ಟು ಮುಖ್ಯವೋ ಅದನ್ನು ತಣಿಸುವ ರೀತಿಯೂ ಅಷ್ಟೇ ಮುಖ್ಯ, ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುವುದು ನನಗೆ ನಿಜಕ್ಕೂ ಬೇಸರ. ಹತ್ತಾರು ಮೈಕ್ರೋಮೋಲಾರ್ ಸಾಂದ್ರತೆಯ ದ್ರಾವಣ ಮಾಡಿ. ಪೂರ್ತಿ ತಿಳಿಯಾಗುವವರೆಗೆ ಬಿಸಿ ಮಾಡಿ. ಆಮೇಲೆ ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸುತ್ತಾ ದ್ರಾವಣ ಯುವಿ (ಅತಿನೇರಳೆ) ಬೆಳಕನ್ನು ಎಷ್ಟು ಹೀರುತ್ತದೆ ನೋಡಿ, ಅದೇ ವೇಗದಲ್ಲಿ ಮತ್ತೆ ಬಿಸಿ ಮಾಡಿ. ಎರಡು ಗೆರೆಗಳೂ ಒಂದರ ಮೇಲೊಂದು ಕೂತರೆ ಸಮತೋಲನದಲ್ಲಿದ್ದೀರಿ. ಬೇರೆಬೇರೆಯಾದರೆ ವೇಗ ಕಮ್ಮಿ ಮಾಡಿ ನೋಡಿ, ಯಾಕೆಂದರೆ ಬೇಗ ತಣಿಸಿದಾಗ ಅಣುಗಳು ಅರ್ಧ ದಾರಿಯ ಯಾವುದೋ ಜೋಡಣೆಯಲ್ಲೇ ಸಿಕ್ಕಿಬಿದ್ದು, ದಿನಗಟ್ಟಲೆ ಹಾಗೇ ಉಳಿಯಬಹುದು.

ದ್ರಾವಕದಲ್ಲಿನ ತೇವವನ್ನು ಸುಮ್ನೆ ಬಿಡಬೇಡಿ. ಎಣ್ಣೆಯಂಥ ದ್ರಾವಕದಲ್ಲಿ ಕರಗಿರುವ ಅತಿ ಕಡಿಮೆ ನೀರೂ ಕಂಬದ ರಚನೆಯನ್ನೇ ಬದಲಿಸಬಲ್ಲದು ಅಂತ ನೆದರ್‌ಲ್ಯಾಂಡ್ಸ್‌ನ ಎಂಡ್‌ಹೋವನ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ತೋರಿಸಿತು. ಒಂದೇ ಪ್ರಯೋಗ ದಿನಕ್ಕೊಂದು ಉತ್ತರ ಕೊಡುತ್ತಿದ್ದರೆ ಮೊದಲು ತೇವವನ್ನೇ ಅನುಮಾನಿಸಿ.

ಹೈಡ್ರೋಜನ್ ಬಂಧ ಆಗಿದೆಯಾ ಅಂತ ಐಆರ್ (ಅವಕೆಂಪು) ರೋಹಿತದಲ್ಲಿ ಗೊತ್ತಾಗುತ್ತದೆ. ಅಮೈಡ್‌ನ ಎನ್‌ಎಚ್ ಗೆರೆ 3240 cm⁻¹ ಸುತ್ತ, ಸಿಒ ಗೆರೆ 1640 cm⁻¹ ಸುತ್ತ ಬಂದರೆ ಕಂಬ ಕಟ್ಟಿದೆ. ಬಿಡಿ ಅಣುಗಳಲ್ಲಿ ಎರಡೂ ಇನ್ನೂ ಮೇಲಿರುತ್ತವೆ. ಒಣಗಿಸಿದ ಮಾದರಿಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರವನ್ನಷ್ಟೇ ನಂಬಬೇಡಿ, ಒಣಗುವಾಗ ಸಾಂದ್ರತೆ ಜಾಸ್ತಿಯಾಗಿ ನಾರುಗಳು ಹೊಸದಾಗಿ ಹುಟ್ಟಬಹುದು. ಮಾದರಿ ನೀರಿನದ್ದಾಗಿದ್ದರೆ ಕ್ರಯೋ ವಿಧಾನವನ್ನೇ, ಅಂದರೆ ಒಣಗಿಸದೆ ತಟ್ಟನೆ ಹೆಪ್ಪುಗಟ್ಟಿಸಿ ನೋಡುವುದನ್ನೇ, ಆರಿಸಿ.