ಟ್ರಾಯ್ಮರೈಗೆ ನಾನು ವೇಗ ಗೊತ್ತುಮಾಡಿಕೊಂಡ ಬಗೆ

ಜರ್ಮನ್ ಸಂಗೀತಗಾರ ಶೂಮನ್ 1838ರಲ್ಲಿ ಬರೆದ ‘ಟ್ರಾಯ್ಮರೈ’ ಪುಟ್ಟ ಪಿಯಾನೊ ರಚನೆ. ಇರುವುದು 24 ಬಾರ್, ಅಂದರೆ ನಾಲ್ಕು ನಾಲ್ಕು ಬೀಟ್‌ಗಳ (ತಾಳದ ಪೆಟ್ಟುಗಳ) ಗುಂಪು. ಮೊದಲ ಎಂಟನ್ನು ಎರಡು ಸಲ ನುಡಿಸಬೇಕು, ಹಾಗಾಗಿ ಒಟ್ಟು 128 ಬೀಟ್. ಮೊದಲ ಮುದ್ರಣದಲ್ಲಿ ನಿಮಿಷಕ್ಕೆ 100 ಬೀಟ್ ಅಂತ ಗುರುತು ಹಾಕಿದೆ. ಹಾಗೆ ನುಡಿಸಿದರೆ ಒಂದೂಕಾಲು ನಿಮಿಷಕ್ಕೆಲ್ಲ ಮುಗಿದುಹೋಗುತ್ತದೆ! ಆದರೆ ಎರಡೂವರೆ ನಿಮಿಷ ದಾಟುವ ರೆಕಾರ್ಡಿಂಗ್‌ಗಳು ಬೇಕಾದಷ್ಟಿವೆ. ಅಂದರೆ ಸರಾಸರಿ 50ರ ಆಸುಪಾಸು.

ಶೂಮನ್ನನ ಮೆಟ್ರೊನೋಮ್ (ಟಿಕ್ ಟಿಕ್ ಅಂತ ಬೀಟ್ ತೋರಿಸುವ ಯಂತ್ರ) ಕೆಟ್ಟಿತ್ತು, ಅದಕ್ಕೇ 100 ಅಂತ ಬಂತು ಅಂತ ಒಂದು ಹಳೆಯ ಮಾತಿದೆ. ನಾನು ಅದನ್ನು ಅಷ್ಟಾಗಿ ನಂಬುವುದಿಲ್ಲ. ಹೆಂಡತಿ ಕ್ಲಾರಾ ಆ ಕಾಲದ ದೊಡ್ಡ ಪಿಯಾನೊ ವಾದಕಿ. ಮುಂದೆ ಆಕೆ ಪರಿಷ್ಕರಿಸಿ ಅಚ್ಚುಹಾಕಿಸಿದ ಪ್ರತಿಯಲ್ಲೂ 80 ಇದೆ, 50 ಅಲ್ಲ. ಆ ಕಾಲದ ಪಿಯಾನೊಗಳಲ್ಲಿ ನಾದ ಬೇಗ ಆರಿಹೋಗುತ್ತಿತ್ತು ಅನ್ನುವುದನ್ನೂ ಮರೆಯಬಾರದು.

ನಾನು ವೇಗ ಹುಡುಕಿದ್ದು ಆ ನಾದದಿಂದಲೇ. ಶುರುವಿನಲ್ಲಿ ಎಫ್ ಸ್ವರವನ್ನು ಉದ್ದಕ್ಕೆ ಹಿಡಿಯಬೇಕು. ಅದು ಇನ್ನೂ ಕೇಳುತ್ತಿರುವಾಗಲೇ ಇ, ಎಫ್, ಎ, ಸಿ ಅಂತ ರಾಗ ಮೇಲೇರುತ್ತದೆ. ನಮ್ಮ ಮನೆಯ ಚಿಕ್ಕ ಅಪ್‌ರೈಟ್ ಪಿಯಾನೊದಲ್ಲಿ 54ಕ್ಕೆ ಇಟ್ಟರೆ ಮುಂದಿನ ಸ್ವರ ಬರುವಷ್ಟರಲ್ಲಿ ಆ ಎಫ್ ಸೊರಗಿರುತ್ತದೆ. ಇ ಎಲ್ಲಿಂದಲೋ ಉದುರಿದ ಹಾಗೆ ಕೇಳುತ್ತದೆ. ಆಮೇಲೆ ಬಾಯಲ್ಲಿ ಹಾಡಿ ನೋಡಿದೆ. ಮೇಲಿನ ಎಫ್ ಮುಟ್ಟಿ ಇಳಿಯುವವರೆಗೂ ಒಂದೇ ಉಸಿರು ಸಾಲಬೇಕು. ನನ್ನ ಕೆಳಗಿನ ಮಿತಿ ಸುಮಾರು 63 ಅಂತ ಹೀಗೆ ಗೊತ್ತಾಯಿತು.

ಮೇಲಿನ ಮಿತಿ ಹೇಳಿದ್ದು ನಡುಭಾಗ. ಅಲ್ಲಿ ಒಂದು ದನಿ ಹೇಳಿದ್ದನ್ನು ಇನ್ನೊಂದು ದನಿ ಹಿಡಿದುಕೊಳ್ಳುತ್ತದೆ. 80ಕ್ಕೆ ಹೋದರೆ ನನ್ನ ಕೈಯಲ್ಲಿ ಒಳದನಿಗಳು ಒಂದರ ಮೇಲೊಂದು ಬಿದ್ದು, ನಾದವನ್ನು ಹಿಡಿದಿಡುವ ಪೆಡಲಿನಲ್ಲಿ ಕಲಸಿಹೋಗುತ್ತವೆ. ಕ್ಲಾರಾ ಕೈಯಲ್ಲಿ ಹಾಗಾಗುತ್ತಿರಲಿಲ್ಲವೇನೋ, ಬಿಡಿ.

ಕೊನೆಗೆ 69ರ ಹತ್ತಿರ ನಿಂತೆ. ಅದೂ ಕಲ್ಲಿನಲ್ಲಿ ಕೊರೆದಿದ್ದಲ್ಲ. ಟ್ರಾಯ್ಮರೈ ಸೇರಿರುವ ‘ಕಿಂಡರ್‌ಸೀನನ್’ ಗುಚ್ಛದ 13 ತುಣುಕುಗಳನ್ನೂ ಸಾಲಾಗಿ ನುಡಿಸುವಾಗ ಇದು ಏಳನೆಯದು. ಆರನೆಯದು ಜೋರಾದ, ಠೀವಿಯ ತುಣುಕು. ಅದರ ಬೆನ್ನಿಗೆ ತುಂಬಾ ನಿಧಾನಕ್ಕೆ ಹೊರಟರೆ ಬಂಡಿ ನಿಂತೇಹೋಯಿತು ಅನಿಸುತ್ತದೆ. ಆಗ 72, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಒಂಟಿಯಾಗಿ, ದನಿ ಗುಂಯ್‌ಗುಡುವ ದೊಡ್ಡ ಹಾಲ್‌ನಲ್ಲಿ ನುಡಿಸುವಾಗ 66.

ಒಂದೊಂದು ಬಾರ್‌ಗೆ ನಾಲ್ಕು ಬೀಟ್ ಎಣಿಸುವ ಬದಲು ತೊಡೆಯ ಮೇಲೆ ಎರಡೇ ಪೆಟ್ಟು ಹಾಕಿ ನೋಡಿ. ವೇಗ ಅಷ್ಟೇ ಇದ್ದರೂ ರಾಗ ಹರಿಯತೊಡಗುತ್ತದೆ. ‘ನಿಧಾನ ಆಯ್ತು’ ಅನ್ನುವ ಎಷ್ಟೋ ಕಡೆ ತೊಂದರೆ ಇರುವುದು ಪ್ರತಿ ಬೀಟಿನ ಮೇಲೂ ಭಾರ ಹಾಕುವುದರಲ್ಲಿ.

ಇನ್ನೊಂದು, ಶುರು ಮಾಡುವಾಗ ಆ ಉದ್ದನೆಯ ಎಫ್ ಅನ್ನು ನೆನೆಯಬೇಡಿ. ಉದ್ದನೆಯ ಸ್ವರದಿಂದ ವೇಗ ತಿಳಿಯುವುದಿಲ್ಲ ಅಲ್ವಾ? ಮೇಲೇರುವ ಆ ಇ, ಎಫ್, ಎ, ಸಿಯನ್ನು ಮನಸ್ಸಿನಲ್ಲೇ ಒಮ್ಮೆ ಹಾಡಿಕೊಂಡು, ಅದೇ ನಡೆಯಲ್ಲಿ ಕೈ ಇಡಿ.