ಅಂಚಿನಿಂದ ನಡುವಿಗೆ: ನಾನು ಕೌದಿ ಹೊಲಿಯುವ ಬಗೆ

ತುಂಡುಬಟ್ಟೆ ಜೋಡಿಸಿ ಹೊದಿಕೆ ಹೊಲಿಯಬೇಕೆಂದು ಹೊರಟವರು ಮೊದಲು ಕಟ್ಟರ್, ಸ್ಕೇಲು, ಮೆಷಿನ್ನು ಎಂದು ಪಟ್ಟಿ ಮಾಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಕೌದಿಗೆ ಅವು ಯಾವುವೂ ಬೇಡ. ಹಳೆಯ ಸೀರೆ, ಸೂಜಿ, ದಾರ, ಕತ್ತರಿ ಇದ್ದರಾಯಿತು. ನಾನು ಹೊಲಿಯುವುದು ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಪದ್ಧತಿಯಲ್ಲಿ. ಹೊಸಬರಿಗೆ ಇದಕ್ಕಿಂತ ಸಲೀಸಾದ ದಾರಿ ನನಗಂತೂ ಕಂಡಿಲ್ಲ.

ಬಟ್ಟೆ ಆರಿಸುವುದೇ ಅರ್ಧ ಕೆಲಸ. ಒಗೆದೊಗೆದು ಮೆತ್ತಗಾದ ಹತ್ತಿ ಬಟ್ಟೆಯನ್ನೇ ತೆಗೆದುಕೊಳ್ಳಿ: ಧೋತರ, ಸೀರೆ, ಅಂಗಿ, ಮಕ್ಕಳ ಲಂಗ. ಪಾಲಿಯೆಸ್ಟರ್ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ. ಹೊಸ ಬಟ್ಟೆ ಸೇರಿಸುವುದಾದರೆ ನೆನೆಸಿ ಒಣಗಿಸಿ. ಇಲ್ಲವಾದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಸುತ್ತಲಿನದನ್ನೆಲ್ಲ ಎಳೆಯುತ್ತದೆ. ಬೆಳಕಿಗೆ ಹಿಡಿದಾಗ ನೂಲು ಬಿಟ್ಟುಕೊಂಡದ್ದು ಕಂಡರೆ ಅದನ್ನು ಒಳಪದರಕ್ಕೆ ಹಾಕುತ್ತೇನೆ. ಇಳಕಲ್ ಸೀರೆಯ ಸೆರಗೋ ಗುಳೇದಗುಡ್ಡದ ಖಣವೋ (ಕುಪ್ಪಸದ ಬಟ್ಟೆ) ಸಿಕ್ಕರೆ ಎದ್ದು ಕಾಣುವ ಕಡೆಗೆಂದು ಎತ್ತಿಡುತ್ತೇನೆ.

ಮೊದಲ ಕೌದಿಗೆ ಕೂಸಿನ ಅಳತೆ ಸಾಕು, 3 ಅಡಿಗೆ 4 ಅಡಿ. ಸೀರೆಯನ್ನು ಮಡಚಿ ನೆಲಕ್ಕೆ ಹಾಸಿ, ಸುಕ್ಕು ತೀಡಿ, ಮೂಲೆಗಳಿಗೆ ಭಾರ ಇಟ್ಟು, ಅಲ್ಲಲ್ಲಿ ಉದ್ದ ಟಾಕಾ (ಹೊಲಿಗೆ) ಹಾಕಿ ಪದರಗಳನ್ನು ಹಿಡಿದಿಡಿ. ತುಂಡುಗಳನ್ನು ಒಂದು ಮೂಲೆಯಿಂದ ಶುರು ಮಾಡಿ ಅಂಚಿನುದ್ದಕ್ಕೂ ಕೂರಿಸುತ್ತ ಬನ್ನಿ. ಒಂದು ಸುತ್ತು ಮುಗಿದರೆ ಅದರೊಳಗೆ ಇನ್ನೊಂದು, ಹೀಗೆ ನಡುವಿನವರೆಗೆ. ತುಂಡಿನ ಹೊರ ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಚಿ ಉಗುರಿನಿಂದ ಗೀರಿದರೆ ಇಸ್ತ್ರಿ ಹಾಕಿದಷ್ಟು ಚೊಕ್ಕವಾಗಿ ಕೂರುತ್ತದೆ. ಆ ಮಡಿಕೆ ಹಿಂದಿನ ತುಂಡಿನ ಕತ್ತರಿಸಿದ ಬಾಯಿಯನ್ನು ಮುಚ್ಚಬೇಕು. ನಡುವಿನ ಕಡೆಗಿರುವ ಅಂಚನ್ನು ಹಾಗೇ ಬಿಡಿ, ಮುಂದಿನ ಸುತ್ತು ಅದನ್ನು ಮುಚ್ಚುತ್ತದೆ. ಇದೊಂದು ತಿಳಿದರೆ ಅಳೆದು ಕತ್ತರಿಸುವ ತಾಪತ್ರಯವೇ ಇಲ್ಲ. ಯಾವ ಆಕಾರದ ತುಂಡೂ ಸೇರಿಕೊಳ್ಳುತ್ತದೆ.

ಹೊಲಿಗೆಯೂ ಒಂದೇ, ಸೂಜಿಯನ್ನು ಮುಳುಗಿಸಿ ಎಬ್ಬಿಸುವ ಸಾದಾ ಹೊಲಿಗೆ. ಸಾಲಿಂದ ಸಾಲಿಗೆ ಬೆರಳಗಲ. ಎಡಗೈ ಅಡಿಯಲ್ಲಿರಲಿ, ಸೂಜಿಯ ಮೊನೆ ಬೆರಳಿಗೆ ತಾಗಿದರೆ ಎಲ್ಲ ಪದರ ದಾಟಿದೆ ಎಂದರ್ಥ. ಮೂರ್ನಾಲ್ಕು ಟಾಕಾ ಸೂಜಿಗೇರಿಸಿಕೊಂಡು ಒಮ್ಮೆಲೇ ಎಳೆದು, ಹೆಬ್ಬೆರಳಿನಿಂದ ಸಾಲನ್ನು ಸವರಿ. ಆಗಲೂ ನೆರಿಗೆ ಹೋಗದಿದ್ದರೆ ದಾರ ಬಿಗಿಯಾಗಿದೆ, ಸ್ವಲ್ಪ ಸಡಿಲಿಸಿ. ಪದರ ದಪ್ಪಗಾದ ಕಡೆ ಬೆರಳ ತುದಿಗೆ ತೊಡುವ ಅಂಗುಸ್ತಾನ ಬೇಕೇ ಬೇಕು. ದಾರದ ಬಣ್ಣ ಅಡಗಿಸಬೇಡಿ. ಕೌದಿಯ ಚೆಂದವೇ ಆ ಸಾಲುಗಳು.

ಕಡೆಗೆ ಮೂಲೆಗಳು. ಅಲ್ಲಿ ಫೂಲ, ಅಂದರೆ ಮಡಚಿದ ಬಟ್ಟೆಯ ಹೂವು, ಹೊಲಿಯದೆ ಸಿದ್ದಿ ಹೆಂಗಸರು ಕೌದಿ ಮುಗಿಯಿತು ಅನ್ನುವುದಿಲ್ಲ. ನಾನು ಸಣ್ಣ ಚೌಕ ತುಂಡುಗಳನ್ನು ಮೂಲೆಯಿಂದ ಮೂಲೆಗೆ ಮಡಚಿ, ತ್ರಿಕೋನ ಮಾಡಿ, ಬೇರೆ ಬೇರೆ ಬಣ್ಣದವನ್ನು ಒಂದರ ಮೇಲೊಂದು ಜೋಡಿಸುತ್ತೇನೆ. ಇವುಗಳ ಬುಡಕ್ಕೆ ಎರಡೆರಡು ಸಲ ಹೊಲಿಗೆ ಹಾಕಿ. ಕೌದಿ ಹಿಂಡಿ ಕೊಡವುವಾಗ ಎಲ್ಲರೂ ಹಿಡಿದೆಳೆಯುವುದು ಮೂಲೆಯನ್ನೇ.